ಮಾವನ ಬಂದೂಕಿಗೆ ಉಪ್ಪುಕಾಗದ

ಹೆಂಡತಿಗೆ ಹೆದರುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸರಕಾರವೇ ಮುದ್ರೆ ಒತ್ತಿ ಬಂದೂಕಿನ ಪರವಾನಗಿ ಕೊಟ್ಟಿರುವ ಹೆಂಡತಿಗೆ ಹೆದರುವವನು ನಮ್ಮ ಹನುಮಸಾಗರದಲ್ಲಿ ನಾನೊಬ್ಬನೇ. ಅದರ ಮೇಲೆ ನಾನು ಮನೆಅಳಿಯ. ಅದರ ಮೇಲೆ ಅವಳ ಹೆಸರು ಶಾಂಭವಿ. ಆಯುಧಪಾಣಿಯಾದ ದೇವಿಯನ್ನು ಕಟ್ಟಿಕೊಂಡವನು ಗಂಡನಾಗಿ ಬಾಳುವುದಕ್ಕಿಂತ ಭಕ್ತನಾಗಿ ಬಾಳುವುದು ಕ್ಷೇಮವೆಂದು ನಾನು ಪರವಾನಗಿ ಬಂದ ದಿನವೇ ಅರಿತುಕೊಂಡೆ.

ಬಂದೂಕು ಮೂಲತಃ ನನ್ನ ಮಾವ ವಿರೂಪಾಕ್ಷಪ್ಪನವರದು. ತೋಟಾ ತುರುಕಿ ಢಮ್ಮೆನ್ನಿಸುವ ಈಗಿನ ಕಾಲದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ, ಆಮೇಲೆ ಗುರಿ ಹಿಡಿಯಬೇಕು. (ಅಷ್ಟರಲ್ಲಿ ಹಂದಿ ಹೊಟ್ಟೆ ತುಂಬ ಶೇಂಗಾ ತಿಂದು, ತೇಗಿ, ಮನೆ ಸೇರಿರುತ್ತದೆ.) ಗುಡ್ಡದ ಅಂಚಿನ ಹೊಲಕ್ಕೆ ಹಂದಿಗಳ ಕಾಟವಿದ್ದುದರಿಂದ ಮಾವನವರು ಅದನ್ನು ಹೊತ್ತು ಬೆಳೆ ಕಾದವರು. ಅವರ ಕಣ್ಣಿಗೆ ಪೊರೆ ಬಂದು ಎತ್ತು ಯಾವುದು, ಅಳಿಯ ಯಾವುದು ಎಂಬ ಭೇದ ಅಳಿಸತೊಡಗಿದಾಗ ಹೊಲ, ಬಂದೂಕು, ಪರವಾನಗಿ ಎಲ್ಲ ಮಗಳ ಕೈಗೆ ಬಂದವು. ನಾನು ಕುಷ್ಟಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಕೈಗೆ ಬಂದದ್ದು ಬೆಳಗಿನ ಬಸ್ಸು ಮತ್ತು ಬುತ್ತಿ ಮಾತ್ರ.

ಕಣ್ಣು ಮಸುಕಾದ ಮೇಲೂ ಮಾವನವರು ಆ ಬಂದೂಕನ್ನು ಬಿಡಲಿಲ್ಲ. ದಿನಾ ಸಂಜೆ ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಅದರ ಕಟ್ಟಿಗೆಯ ಮೇಲೆ ಬೆರಳಾಡಿಸುತ್ತ ಕೂರುವರು. ನನಗೆ ನೋಡಲಾಗುತ್ತಿರಲಿಲ್ಲ. ಆ ಕಟ್ಟಿಗೆಯೋ ಮಸಿ ಹಿಡಿದು ಕಪ್ಪಾಗಿತ್ತು. ನಳಿಗೆ ತುಕ್ಕು ಹಿಡಿದಿತ್ತು. ಹಿತ್ತಾಳೆಯ ಪಟ್ಟಿಗಳು ಹಿತ್ತಾಳೆಯೆಂದು ಯಾರಾದರೂ ಆಣೆ ಮಾಡಿ ಹೇಳಬೇಕಿತ್ತು.

ಕೊನೆಗೂ ಮಾವನವರ ಕಣ್ಣಿನ ಆಪರೇಶನ್ ನಿಗದಿಯಾಯಿತು. ಶಾಂಭವಿ ಅವರನ್ನು ಗಂಗಾವತಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ನಾನೊಬ್ಬನೇ. ಆಗ ನನ್ನ ತಲೆಯಲ್ಲಿ ಒಂದು ದಿವ್ಯವಾದ ಯೋಜನೆ ಅವತರಿಸಿತು. ಹೊಸ ಕಣ್ಣು ಹೊತ್ತು ಮನೆಗೆ ಬರುವ ಮಾವನವರಿಗೆ ಹೊಸದಾದ ಬಂದೂಕು ಕಾಣಬೇಕು. ಕಂಡು, "ಯಾರು ಮಾಡ್ಯಾರ ಇದನ್ನ?" ಎಂದು ಕೇಳಬೇಕು. ಆಗ ನಾನು ವಿನಯದಿಂದ ನೆಲ ನೋಡಬೇಕು. ನೆಲ ನೋಡುವ ಭಂಗಿಯನ್ನು ಕನ್ನಡಿಯ ಮುಂದೆ ಒಮ್ಮೆ ಮಾಡಿಯೂ ನೋಡಿದೆ.

ಆದರೆ ಒಳಗೆ ಮದ್ದು ಉಳಿದಿದ್ದರೆ? ಶಾಂಭವಿಗೆ ಫೋನು ಹಚ್ಚಿದೆ.

"ಬಂದೂಕಿನ್ಯಾಗ ಮದ್ದು ಏನರ ಐತೇನ?"

"ಯಾಕ್ರಿ? ನಾ ಊರಾಗ ಇಲ್ಲಂದ್ರ ಜೀವಾ ಕಳಕೊಳ್ಳೂವಷ್ಟು ಪ್ರೀತಿ ಐತೇನು ನನ್ನ ಮ್ಯಾಲ?"

"ಹಂಗಲ್ಲ, ಧೂಳಾ ಒರಸೂಣಂತ..."

"ಗಜಾ ಒಳಗ ಬಿಡ್ರಿ. ತಳಾ ಮುಟ್ಟಿ ಠಣ್ ಅಂದ್ರ ಖಾಲಿ. ಮೆತ್ತಗ ಹತ್ತಿದ್ರ ಅಲ್ಲೇ ಇಟ್ಟು ಹೊರಗ ಬರ್ರಿ, ನಾ ಬಂದು ನೋಡ್ತೀನಿ."

ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕುಲದೇವರನ್ನು ನೆನೆದು, ಗಜವನ್ನು ಬಿಟ್ಟೆ. ಠಣ್!

"ಕೇಳಿಸ್ತು. ನಿಮ್ಮ ತಲಿಗೆ ಬಡದಂಗ ಸಪ್ಪಳಾತು. ಪೂರಾ ಖಾಲಿ" ಎಂದು ಶಾಂಭವಿ ತೀರ್ಪು ಕೊಟ್ಟಳು. "ಧೂಳಷ್ಟೇ ಒರಸ್ರಿ ಮತ್ತ. ಬ್ಯಾರೆ ಶ್ಯಾಣ್ಯಾತನ ಮಾಡಬ್ಯಾಡ್ರಿ."

ಬೇರೆ ಶ್ಯಾಣ್ಯಾತನವನ್ನೇ ಮಾಡುವುದೆಂದು ನಾನಾಗಲೇ ಕಚೇರಿಗೆ ರಜೆ ಹಾಕಿದ್ದೆ.

ಮೊದಲು ನಳಿಗೆಗೆ ಸೀಮೆಎಣ್ಣೆಯ ಅಭ್ಯಂಜನ. ಹಿತ್ತಾಳೆ ಪಟ್ಟಿಗಳಿಗೆ ಅಡುಗೆಮನೆಯ ಹುಣಸೆಹಣ್ಣು. ತಿಕ್ಕಿದಂತೆಲ್ಲ ತುಕ್ಕಿನ ಕೆಳಗಿನಿಂದ ನೀಲಿಯ ಕಬ್ಬಿಣ, ಕಪ್ಪಿನ ಕೆಳಗಿನಿಂದ ಹಳದಿಯ ಹಿತ್ತಾಳೆ ನಾಚುತ್ತ ಹೊರಬಂದವು. ಒರೆಸಲು ಮೆತ್ತನೆಯ ಬಟ್ಟೆ ಬೇಕಿತ್ತು. ಹೆಂಡತಿಯ ಇಳಕಲ್ ಸೀರೆಗೆ ಕೈ ಹಾಕುವಷ್ಟು ಬುದ್ಧಿಗೇಡಿ ನಾನಲ್ಲ. ನನ್ನದೇ ಧೋತರ ಹರಿದೆ.

ಇನ್ನು ಉಳಿದದ್ದು ಕಟ್ಟಿಗೆ. ಅದು ಹಿಂದಿನ ಹಿಡಿಯಿಂದ ನಳಿಗೆಯ ತುದಿಯವರೆಗೂ ಉದ್ದಕ್ಕೆ ಚಾಚಿಕೊಂಡಿತ್ತು. ಅದರ ಮುಂಭಾಗದಲ್ಲಿ ಅಡ್ಡಡ್ಡ ಗೀರುಗಳು. ಅವು ನನಗೆ ಹೊಸವಲ್ಲ. ಮಾವನವರು ಹೊಡೆದ ಹಂದಿಗೊಂದು ಗೀರು ಎಂದು ಊರಿಗೆಲ್ಲ ಗೊತ್ತಿತ್ತು. ನಾನಂತೂ ಕಚೇರಿಯಲ್ಲಿ ಈ ಗೀರುಗಳನ್ನು ಎಷ್ಟು ಸಲ ವರ್ಣಿಸಿದ್ದೆನೆಂದರೆ, ಒಂದೆರಡು ಹಂದಿಗಳು ಕ್ರಮೇಣ ಚಿರತೆಗಳಾಗಿದ್ದವು. ಈಗ ವಯಸ್ಸಾದ ಜೀವ. ಇನ್ನೂ ಯಾಕೆ ಈ ಹಿಂಸೆಯ ನೆನಪು? ನಾನು ಉಪ್ಪುಕಾಗದ ಕೈಗೆತ್ತಿಕೊಂಡೆ. ಒರಟಾದದ್ದರಿಂದ ಒಮ್ಮೆ, ನಯವಾದದ್ದರಿಂದ ಇನ್ನೊಮ್ಮೆ. ಗೀರುಗಳೂ ಹೋದವು, ನನ್ನ ಬೆರಳಿನ ಸಿಪ್ಪೆಯೂ ಹೋಯಿತು. ಆಮೇಲೆ ಚಟ್ನಿಗೆಂದು ಇಟ್ಟಿದ್ದ ಅಗಸಿ ಎಣ್ಣೆಯನ್ನು ಹಚ್ಚಿ ಹಚ್ಚಿ ಕುಡಿಸಿದೆ. ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿತು. ನನ್ನ ಮುಖ ಅದರಲ್ಲಿ ಕಾಣುವಂತಾದಾಗ ಕಣ್ಣು ತುಂಬಿ ಬಂತು. (ಸೀಮೆಎಣ್ಣೆಯ ಘಾಟೂ ಇದ್ದಿರಬಹುದು.)

ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿಯುತ್ತಿದ್ದಂತೆ ಶಾಂಭವಿ ಚೀಲ ಹಿಡಿದು ಮುಂದೆ ಬಂದಳು. ಪಡಸಾಲೆಯ ಗೋಡೆಯ ಮೇಲೆ ಬಂದೂಕು ಝಗಝಗಿಸುತ್ತಿತ್ತು. ನಾನು ನೆಲ ನೋಡುತ್ತ ನಿಂತೆ.

ಚೀಲ ಕೆಳಗೆ ಬಿದ್ದ ಸಪ್ಪಳ ಕೇಳಿತು.

"ಗೆರಿ ಎಲ್ಲಿ ಹೋದುವು?"

"ಯಾವ ಗೆರಿ? ಆ ಹಂದಿ ಗೆರಿ? ತಿಕ್ಕಿ ತಗದೆ. ಎಷ್ಟು ನುಣ್ಣಗ ಆಗೈತಿ ಕೈಯಾಡಿಸಿ ನೋಡು."

"ಅದು ಹಂದಿ ಅಲ್ರೀ! ಅದು ನಾನು!"

(ಈ ಮಾತಿಗೆ ಗಂಡನಾದವನು ಏನು ಉತ್ತರ ಕೊಟ್ಟರೂ ಅಪಾಯವೇ.)

ಶಾಂಭವಿ ಗೋಡೆಯ ಹತ್ತಿರ ಹೋಗಿ ಆ ನುಣ್ಣನೆಯ ಕಟ್ಟಿಗೆಯ ಮೇಲೆ ಕೈಯಿಟ್ಟಳು. ಅವಳ ದನಿ ಇಳಿದುಹೋಗಿತ್ತು.

"ವರ್ಷಾ ವರ್ಷಾ ನನ್ನನ್ನ ಈ ಬಂದೂಕಿನ ಮಗ್ಗಲಾ ನಿಂದರಸ್ತಿದ್ರು. ನಾ ಹಿಮ್ಮಡ ಎತ್ತತಿದ್ದೆ. ಅವ್ವ ನಕ್ಕೊಂತ ತಲಿ ಒತ್ತಿ ಹಿಡೀತಿದ್ಲು, ಅಪ್ಪ ಗೆರಿ ಕೊರೀತಿದ್ದ. ಅವ್ವ ಹೋದ ಮ್ಯಾಲ ಕೊರಿಯೂದು ನಿಂತು ಹೋತು."

ನಾನು ಕಂಡ ಹಂದಿಗಳೆಲ್ಲ, ಚಿರತೆಗಳೆಲ್ಲ, ಎರಡು ಜಡೆ ಹಾಕಿಕೊಂಡ ಒಬ್ಬ ಪುಟ್ಟ ಹುಡುಗಿಯಾಗಿ ನನ್ನ ಮುಂದೆ ಸಾಲುಗಟ್ಟಿ ನಿಂತವು. ನನ್ನ ಹೆಂಡತಿಯ ಬಾಲ್ಯವನ್ನು, ನಾನು ಕಾಣದ ಅತ್ತೆಯ ನಗುವನ್ನು, ಉಪ್ಪುಕಾಗದ ಹಿಡಿದು ಪುಡಿ ಮಾಡಿ ಪಡಸಾಲೆಯಿಂದ ಹೊರಕ್ಕೆ ಗುಡಿಸಿದ್ದೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು ಅಷ್ಟೆ.

ಅಷ್ಟರಲ್ಲಿ ಮಾವನವರು ಒಳಗೆ ಬಂದರು. ಕೂತವರೇ ಕೈ ಚಾಚಿದರು. ಶಾಂಭವಿ ಬೇರೆ ದಾರಿ ಕಾಣದೆ ಬಂದೂಕನ್ನು ತೊಡೆಯ ಮೇಲಿಟ್ಟಳು. ಅವರ ಬೆರಳುಗಳು ಎಂದಿನಂತೆ ಮುಂದಕ್ಕೆ ಹೋದವು, ನಿಂತವು, ಹಿಂದಕ್ಕೆ ಬಂದವು, ಮತ್ತೆ ಹೋದವು. ನನಗೆ ಅಲ್ಲೇ ನಳಿಗೆಯೊಳಗೆ ಇಳಿದುಬಿಡೋಣ ಎನ್ನಿಸಿತು.

"ಮಾವಾರ, ನಂದು ತಪ್ಪಾತ್ರಿ. ಹಂದೀವು ಅಂತ ತಿಳಿದೆ..."

"ಹಂದಿ?" ಮಾವನವರು ನಕ್ಕರು. "ನಾ ಜನ್ಮದಾಗ ಒಂದು ಹಂದಿನೂ ಹೊಡದಿಲ್ಲೋ ಹಾಲೇಶಪ್ಪಾ. ಬರೇ ಮದ್ದು ತುಂಬಿ ಢಮ್ ಅನಸ್ತಿದ್ದೆ. ಓಡಿ ಹೋಗ್ತಿದ್ದುವು, ಪಾಪ. ಮರಿ ಕಟಿಗೊಂಡು ಬಂದಿರ್ತಿದ್ದುವು." ಆಮೇಲೆ ಮಗಳ ಕಡೆ ತಿರುಗಿದರು. "ತಂಗೀ, ಬೆಳಕಿಗೆ ಬಂದು ನಿಂದ್ರು."

ಶಾಂಭವಿ ಬಾಗಿಲ ಬೆಳಕಿಗೆ ಬಂದು ನಿಂತಳು. ಮಾವನವರು ಕಪ್ಪು ಕನ್ನಡಕವನ್ನು ಮೆಲ್ಲಗೆ ತೆಗೆದರು. ಡಾಕ್ಟರು ಬೇಡವೆಂದಿದ್ದರು, ಆದರೂ ಶಾಂಭವಿಯಾಗಲಿ ನಾನಾಗಲಿ ತಡೆಯಲಿಲ್ಲ. ಅವರು ನೋಡಿದರು, ಬಹಳ ಹೊತ್ತು ನೋಡಿದರು.

"ಕೂದಲಾ ಬೆಳ್ಳಗಾಗ್ಯಾವಲ್ಲ ತಂಗೀ! ಯಾವಾಗ ಆದುವು?"

"ಇವರನ್ನ ಕಟಿಗೊಂಡ ಮ್ಯಾಲ, ಅಪ್ಪಾ."

"ನಿಮ್ಮವ್ವಗೂ ಇಲ್ಲೇ, ಕಿವಿ ಮ್ಯಾಲೇ ಮೊದಲ ಬೆಳ್ಳಗಾಗಿದ್ದುವು" ಎಂದು ಅವರು ಆ ನರೆಗೂದಲನ್ನು ಬೆರಳಿನಿಂದ ಮುಟ್ಟಿದರು. "ಕಣ್ಣು ಕಾಣದಾಗ ಬೆರಳಿಗೆ ಗೆರಿ ಬೇಕಿದ್ದುವು. ಈಗ ನೀನೇ ಕಾಣಾಕತ್ತಿ. ಹೋದ್ರ ಹೋಗ್ಲಿ, ಬಿಡು."

ಶಾಂಭವಿ ನಕ್ಕಳು, ಅತ್ತಳು, ಕನ್ನಡಕವನ್ನು ತಾನೇ ಅವರ ಮೂಗಿನ ಮೇಲೆ ಕೂರಿಸಿದಳು. ನಾನೂ ಧೋತರದಲ್ಲಿ ಉಳಿದಿದ್ದ ತುಂಡಿನಿಂದ ಕಣ್ಣೊರೆಸಿಕೊಂಡೆ. ಸೀಮೆಎಣ್ಣೆ ತಾಗಿ ಕಣ್ಣು ಧಗಧಗ ಉರಿಯತೊಡಗಿತು. ಮನೆಯಲ್ಲಿ ಕಣ್ಣಿನ ರೋಗಿಗಳು ಇಬ್ಬರಾದರು.

ಮುಖ ತೊಳೆದು ಬರುವಷ್ಟರಲ್ಲಿ ತಂದೆ ಮಗಳಿಬ್ಬರೂ ಏನೋ ಗುಸುಗುಸು ಮಾತಾಡಿ ಮುಗಿಸಿದ್ದರು. ಮಾವನವರ ಕೈಯಲ್ಲಿ ಅಡಿಕೆ ಕತ್ತರಿಸುವ ಚಾಕು ಇತ್ತು.

"ಬರ್ರಿ ಅಳಿಯಂದಿರ, ಗ್ವಾಡಿಗೆ ಬೆನ್ನು ಹಚ್ಚಿ ನಿಂದರ್ರಿ."

ನನಗೆ ಎದೆ ತುಂಬಿತು. ಇಷ್ಟು ವರ್ಷದ ಮೇಲೆ ನಾನೂ ಈ ಮನೆಯ ಮಗುವಾದೆ! ನನ್ನ ಎತ್ತರವನ್ನೂ ಈ ಪುರಾತನ ಆಯುಧದ ಮೇಲೆ ಕೊರೆಯುತ್ತಾರೆ! ನಾನು ಸೆಟೆದು ನಿಂತೆ, ಹಿಮ್ಮಡವನ್ನೂ ತುಸು ಎತ್ತಿದೆ.

"ತಲಿ ಅಲ್ರೀ" ಎಂದಳು ಶಾಂಭವಿ. ಬಂದೂಕನ್ನು ಉದ್ದಕ್ಕೆ ನಿಲ್ಲಿಸದೆ ಅಡ್ಡ ಹಿಡಿದು, ಹಿಡಿಯನ್ನು ಗೋಡೆಗೆ ಒತ್ತಿ, ನನ್ನ ಸೊಂಟದ ಮಗ್ಗುಲಿಗೆ ತಂದಳು. "ಈ ಮನ್ಯಾಗ ಈಗ ಬೆಳ್ಯಾಕತ್ತಿದ್ದು ಇದೊಂದೇ. ಉಸರು ಒಳಗ ಎಳ್ಕೋಬ್ಯಾಡ್ರಿ! ಬಿಡ್ರಿ! ಪೂರಾ ಬಿಡ್ರಿ!"

ಬಿಟ್ಟೆ. ನಾನು ಕುಡಿಸಿದ ಅಗಸಿ ಎಣ್ಣೆಯ ಮೇಲೆ, ನಾನೇ ತಂದ ಆ ಜೇನಿನ ಹೊಳಪಿನ ಮೇಲೆ, ನನ್ನ ಹೊಟ್ಟೆ ಮುಗಿಯುವ ಜಾಗ ನೋಡಿ ಮಾವನವರು ಚಾಕು ಆಡಿಸಿದರು. ಕೇಪನ್ನು ಬಡಿಯುವ ಸುತ್ತಿಗೆಯಂಥ ಭಾಗಕ್ಕೆ ಬಂದೂಕಿನವರು ಕುದುರೆ ಎನ್ನುತ್ತಾರೆ. ಗೀರು ಅದರ ಹಿಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಂತಿತು.

ಶಾಂಭವಿ ಬಗ್ಗಿ ನೋಡಿ, ತಂದೆಗೆ ಹೇಳಿದಳು:

"ಚಿಂತಿ ಮಾಡಬ್ಯಾಡಪ್ಪಾ. ಮುಂದಿನ ವರ್ಷ ಕುದುರಿ ಏರ್ತಾರ."