ದಿನಬಳಕೆಗೆ ಸಾಕಾದ ನಾಲ್ಕು ಜಿಬಿಯವರಿಗೆ, ಏಳು ಅಜ್ಜಂದಿರ ಪರವಾಗಿ

ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ ಎಡಗಡೆಯ ಗೂಡಿನಲ್ಲಿ ವಾಸವಾಗಿರುವ, ಹಸಿರು ಮೈಯ, ಅಗ್ಗದ ನಾಲ್ಕು ಜಿಬಿ ರ‍್ಯಾಮ್ ನೆನಪಿನ ಪಟ್ಟಿಯವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಮೈಮೇಲಿನ ಎಂಟು ಕಪ್ಪು ಚಿಪ್ಪುಗಳಿಗೂ, ಹಗಲಿಡೀ ಗೊರಗುಟ್ಟುತ್ತಾ ತಮಗೆ ಗಾಳಿ ಬೀಸುವ ಫ್ಯಾನಿಗೂ, ಹಿಮದ ಬೆಟ್ಟಗಳ ನಡುವಿನ ನರಿನ್ ಪೇಟೆಯ ಬಸ್ ನಿಲ್ದಾಣದ ಎದುರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿರುವ ಅಸಿಲ್ಕಾನ್ ಎಂಬ ನಾನು ಮಾಡುವ ನಮಸ್ಕಾರಗಳು. ನಮ್ಮ ಪದ್ಧತಿಯಂತೆ ಮೊದಲು ತಮ್ಮ ಕುರಿ, ಕುದುರೆ, ಮರಿಗಳ ಕ್ಷೇಮ ಕೇಳಬೇಕಿತ್ತು. ತಮಗೆ ಅವು ಯಾವುವೂ ಇಲ್ಲವೆಂದು ತಿಳಿದುಬಂದದ್ದರಿಂದ ಮೌಸಿನ ಕ್ಷೇಮ ವಿಚಾರಿಸಿ ಮುಂದುವರಿಯುತ್ತೇನೆ.

ಎರಡು ವರ್ಷದ ಹಿಂದೆ ಬಜಾರಿನ ಸಪಾರ್ಕುಲ್ ಕಬ್ಬಿಣದ ಕಂಟೇನರಿನೊಳಗೆ ಇಟ್ಟ ತನ್ನ ಅಂಗಡಿಯ ಡಬ್ಬದಿಂದ ತಮ್ಮನ್ನು ಎತ್ತಿ, ಅಂಗಿಯ ತೋಳಿಗೆ ಒರೆಸಿ ನನ್ನ ಕೈಗಿಟ್ಟಾಗ, ಇಷ್ಟು ಅಗ್ಗದ್ದು ನಡೆಯುತ್ತದೆಯೇ ಎಂದು ನಾನು ಕೇಳಿದ್ದೆ. ಆತ ನನ್ನನ್ನು ಅಕ್ಕನ ಸ್ಥಾನದಲ್ಲಿಟ್ಟು, "ಎಜೆ, ದಿನಬಳಕೆಗೆ ಇದೇ ಹೆಚ್ಚಾಯ್ತು. ನೀವೇನು ರಾಕೆಟ್ ಹಾರಿಸ್ತೀರಾ?" ಎಂದಿದ್ದ. ನಾನು ರಾಕೆಟ್ ಹಾರಿಸುವವಳಲ್ಲ ಎಂಬುದು ನಿಜವಾದ್ದರಿಂದ ತಮ್ಮನ್ನು ಮನೆ ತುಂಬಿಸಿಕೊಂಡೆ.

ಸುಳ್ಳು ಹೇಳಬಾರದು, ಒಂದು ಹೊತ್ತಿಗೆ ಒಂದೇ ಕೆಲಸ ಕೊಟ್ಟರೆ ತಮ್ಮಷ್ಟು ಸಭ್ಯರು ಈ ಪೇಟೆಯಲ್ಲೇ ಇಲ್ಲ. ಪಿಂಚಣಿ ಅರ್ಜಿ, ಕುದುರೆ ಮಾರಾಟದ ಪತ್ರ, ಶಾಲೆಯ ರಜಾ ಚೀಟಿ, ಎಲ್ಲವನ್ನೂ ಹೂವೆತ್ತಿದಂತೆ ಮುಗಿಸಿಕೊಟ್ಟಿದ್ದೀರಿ. ಎರಡನೆಯ ಕೆಲಸ ಕೊಟ್ಟರೆ ಯೋಚಿಸುತ್ತೀರಿ. ಮೂರನೆಯದಕ್ಕೆ ಧ್ಯಾನಕ್ಕೆ ಕೂರುತ್ತೀರಿ. ಆ ಧ್ಯಾನದ ಕೃಪೆಯಿಂದ ನಾನು ಚಹಾ ಕಾಸಿ, ಕುಡಿದು, ಬಟ್ಟಲು ತೊಳೆದಿಟ್ಟು, ಪಕ್ಕದ ಔಷಧಿ ಅಂಗಡಿಯವಳ ಸೊಸೆಯ ಪುರಾಣವನ್ನು ಪೂರ್ತಿ ಕೇಳಿಕೊಂಡು ಬರುವುದನ್ನು ಕಲಿತೆ. ವೇಗದ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇಂಥ ಭಾಗ್ಯವೆಲ್ಲಿ?

ಇನ್ನು ದೂರಿನ ವಿಷಯ. ತಾವು ಹೊರಗಿನವರಾದ್ದರಿಂದ ಒಂದು ಮಾತು ತಿಳಿಸಬೇಕು. ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ತಂದೆಯಿಂದ ಹಿಡಿದು ಮೇಲಕ್ಕೆ ಏಳು ಅಜ್ಜಂದಿರನ್ನು ಎಣಿಸುತ್ತಾರೆ. ಆ ಏಳರೊಳಗೆ ಒಬ್ಬನೇ ಒಬ್ಬ ಇಬ್ಬರಿಗೂ ಸೇರಿದವನಾದರೆ ಅವರು ಅಣ್ಣ-ತಂಗಿ, ಮದುವೆಯ ಮಾತೇ ಇಲ್ಲ. ನನ್ನ ಅಣ್ಣನ ಮಗಳು ನುರ್ಜಾತ್‌ಗೂ ಕುಬಾತ್ ಎಂಬ ಹುಡುಗನಿಗೂ ಮದುವೆ ಗೊತ್ತಾದಾಗ ಹಿರಿಯರು ಇದನ್ನೆಲ್ಲ ಬಾಯಿಮಾತಿನಲ್ಲಿ ಸರಿಯಾಗಿಯೇ ಕೇಳಿ ಮುಗಿಸಿದ್ದರು. ಆದರೆ ಎರಡೂ ಕಡೆಯ ಅಜ್ಜಂದಿರ ಹೆಸರುಗಳನ್ನು ದೊಡ್ಡ ಪಟದಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗಿಸುವುದು ಈಗಿನ ಹೊಸ ಶೋಕಿ. ಸ್ವಂತ ಸೋದರತ್ತೆಯೇ ಟೈಪಿಂಗ್ ಅಂಗಡಿಯವಳಾದ ಮೇಲೆ ಆ ಕೆಲಸ ಇನ್ನಾರಿಗೆ ಬರಬೇಕು?

ಪಟ ಸಿದ್ಧಪಡಿಸುತ್ತಿದ್ದ ದಿನ, ಕಣಿವೆ ದಾರಿಯಲ್ಲಿ ಹಿಮ ಬಿದ್ದಿದೆಯೇ ಎಂದು ನೋಡುವ ಪುಟವನ್ನೂ ಒಬ್ಬರ ಪಾಸ್‌ಪೋರ್ಟ್ ಅರ್ಜಿಯನ್ನೂ ಒಂದು ಹಾಡನ್ನೂ ಜೊತೆಗೇ ತೆರೆದಿಟ್ಟದ್ದು ನನ್ನ ಅಪರಾಧವೆಂದು ಒಪ್ಪುತ್ತೇನೆ. ಹುಡುಗನ ಕಡೆಯ ಕೊನೆಯ ಮೂರು ಹೆಸರುಗಳನ್ನು ನಕಲು ಮಾಡಿ ಅವನ ಸಾಲಿಗೆ ಅಂಟಿಸುವ ಹೊತ್ತಿಗೆ ತಾವು ಗರ ಬಡಿದವರಂತೆ ನಿಂತುಬಿಟ್ಟಿರಿ. ನಾನು ಸಹನೆಗೆಟ್ಟು ಪರದೆಯ ಮೇಲೆ ಆ ಸಾಲು, ಈ ಸಾಲು ಎನ್ನದೆ ಕ್ಲಿಕ್ಕಿಸುತ್ತಾ, ಅಂಟಿಸುವ ಗುಂಡಿಯನ್ನು ಹನ್ನೊಂದು ಸಲ ಒತ್ತಿ, ಜೆರಾಕ್ಸ್‌ಗೆ ಬಂದ ಮುದುಕಿಯೊಬ್ಬಳ ಕಡೆ ತಿರುಗಿದೆ. ಅಷ್ಟರಲ್ಲಿ ಧ್ಯಾನ ಮುಗಿಸಿ ಎದ್ದ ತಾವು, ನಾನು ಒತ್ತಿದ್ದನ್ನೆಲ್ಲ ಒಂದನ್ನೂ ಬಿಡದೆ ನೆರವೇರಿಸಿ, ಹುಡುಗನ ಐದು, ಆರು, ಏಳನೆಯ ಅಜ್ಜಂದಿರನ್ನು ನಮ್ಮ ಹುಡುಗಿಯ ಸಾಲಿನಲ್ಲೂ ನಮ್ಮವರ ಜಾಗಕ್ಕೆ ಕೂರಿಸಿದಿರಿ. ನಾನು ಒಮ್ಮೆಯೂ ಓದಿ ನೋಡದೆ ಅಚ್ಚಿಗೆ ಕಳಿಸಿದೆ.

ಹೆಣ್ಣಿನ ಹೆತ್ತವರು ಪದ್ಧತಿಯಂತೆ ಮನೆಯಲ್ಲೇ ಉಳಿದು, ಅವಳನ್ನು ಗಂಡಿನ ಮನೆಗೆ ಕರೆತಂದವರು ನಾನು ಮತ್ತು ಅವಳ ಅತ್ತಿಗೆಯರು. ನುರ್ಜಾತ್ ಬಿಳಿ ಪರದೆಯ ಹಿಂದೆ ತಲೆ ತಗ್ಗಿಸಿ ಕೂತಿದ್ದಳು, ಮಾಂಸದ ತಟ್ಟೆಗಳು ಬಂದಿದ್ದವು, ಹುಡುಗನ ತಾತ ತೊಕ್ತೊಸುನ್ ಅಜ್ಜ ಹರಸಲು ಎರಡೂ ಅಂಗೈ ಎತ್ತಿದವರು ಗೋಡೆಯ ಪಟವನ್ನು ನೋಡಿ ಹಾಗೆಯೇ ಕೈ ಇಳಿಸಿದರು.

"ಏ, ನಿಲ್ಲಿಸ್ರೋ! ಇವರಿಬ್ಬರ ಐದನೇ ಅಜ್ಜ ಒಬ್ಬನೇ ಅಲ್ವೇನೋ? ಅಣ್ಣ-ತಂಗೀನ ಮುಂದೆ ಕೂರಿಸಿಕೊಂಡು ನನ್ನ ಕೈಲಿ ಹರಸ್ತಿದೀರಾ?"

ಬಾಯಿಮಾತಿನಲ್ಲಿ ಎಲ್ಲ ಸರಿಯಾಗಿತ್ತಲ್ಲಪ್ಪ ಎಂದು ಹುಡುಗನ ತಂದೆ ಗೋಗರೆದರೆ, "ಬಾಯಿಮಾತು ಅತ್ಲಾಗಿಡು, ಇಲ್ಲಿ ಅಚ್ಚು ಹಾಕಿದೆ!" ಎಂಬುದು ಅವರ ಉತ್ತರ. ಅಣ್ಣನನ್ನೇ ಕೇಳೋಣವೆಂದರೆ ಅವನ ಊರಿನಲ್ಲಿ ಫೋನ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಕುಬಾತನ ಮುಖ ಸುಣ್ಣದಂತಾಯಿತು. ಅಜ್ಜ ನನ್ನತ್ತ ತಿರುಗಿ, "ನೀನು ಹುಡುಗಿ ಸೋದರತ್ತೆ ಅಲ್ವೇನಮ್ಮ? ನಿಮ್ಮವರ ಏಳು ಹೆಸರು ನೀನೇ ಹೇಳಿಬಿಡು," ಎಂದರು.

ನಾನು ಹೇಳತೊಡಗಿದೆ. ಅಣ್ಣ ಸೆಯಿತ್, ಅಪ್ಪ ಜಕಿಪ್, ಒಮುರ್ಜಾಕ್, ಬೊರೊನ್‌ಬಾಯ್... ಮಾನ್ಯರೇ, ಅಲ್ಲಿಗೆ ನಾನೂ ತಮ್ಮಂತೆಯೇ ನಿಂತುಬಿಟ್ಟೆ. ಹತ್ತು ವರ್ಷದಿಂದ ಊರವರೆಲ್ಲರ ಅಜ್ಜಂದಿರನ್ನು ಟೈಪು ಮಾಡಿ, ಎಲ್ಲ ಕಂಪ್ಯೂಟರಿನಲ್ಲಿದೆ ಎಂದು ನೆಮ್ಮದಿಯಾಗಿದ್ದವಳ ಬಾಯಿಗೆ ತನ್ನವರೇ ಬರಲಿಲ್ಲ. ಅಷ್ಟು ಜನರೆದುರು ನನಗಾದ ನಾಚಿಕೆ ಹೇಳತೀರದು. ನನ್ನ ಕೈಯಿಂದಲೇ ಆ ಮಗುವಿನ ಮದುವೆ ಮುರಿಯಿತು ಎಂದುಕೊಂಡೆ.

ಆಗ, ಮಾತೇ ಆಡಬಾರದ ಮದುಮಗಳು, ಪರದೆಯ ಹಿಂದಿನಿಂದ ಗಟ್ಟಿಯಾಗಿ ಶುರು ಮಾಡಿದಳು. "ಸೆಯಿತ್, ಜಕಿಪ್, ಒಮುರ್ಜಾಕ್, ಬೊರೊನ್‌ಬಾಯ್, ಎಸೆಂಗೆಲ್ಡಿ, ತಿಲೆಕ್, ಕರಾಬುಕಾ! ಬೇಕಾದ್ರೆ ಇನ್ನೂ ಮೂವರನ್ನ ಹೇಳ್ತೀನಿ ಅಜ್ಜ, ಆದ್ರೆ ಮಾಂಸ ಆರಿಹೋಗುತ್ತೆ."

ಮನೆಯೆಲ್ಲ ಗೊಳ್ಳೆಂದಿತು. ತಮ್ಮವರು ಯಾರೂ ಆ ಸಾಲಿನಲ್ಲಿಲ್ಲವೆಂದು ಅಜ್ಜ ಬೆರಳು ಮಡಿಸಿ ಖಾತ್ರಿ ಮಾಡಿಕೊಂಡು, "ಯಾರಮ್ಮ ನಿನಗೆ ಕಲಿಸಿದ್ದು?" ಎಂದರು. "ಅತ್ತೇನೇ. ಒಂದು ಹೆಸರು ತಪ್ಪಿದ್ರೂ ಕೆನೆ ಹಚ್ಚಿದ ರೊಟ್ಟೀನ ಕೈಯಿಂದ ಕಿತ್ಕೊಳ್ತಿದ್ರು!" ಹೌದು, ಅವಳು ಆರು ವರ್ಷದವಳಿದ್ದಾಗ, ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅಣ್ಣ ನಗುತ್ತಿದ್ದರೂ ಕೇಳದೆ ಕಲಿಸಿದವಳು ನಾನು. ಅಜ್ಜನ ಕೈಗಳು ಮತ್ತೆ ಮೇಲೆದ್ದಾಗ ನಾನು ತಲೆವಸ್ತ್ರದಲ್ಲೇ ಕಣ್ಣೊರೆಸಿಕೊಂಡೆ.

ಆದಕಾರಣ, ದಿನಬಳಕೆಗೆ ತಾವು ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಧಾರಾಳವಾಗಿ ಸಾಕು, ಆ ದಿನ ಯಾರ ಮದುವೆಯೂ ಇಲ್ಲದಿದ್ದರೆ. ಇನ್ನು ಮುಂದೆ ಧ್ಯಾನಕ್ಕೆ ಕೂರುವ ಮೂರು ದಿನ ಮೊದಲು ಲಿಖಿತವಾಗಿ ತಿಳಿಸಬೇಕಾಗಿಯೂ, ವಸಂತದಲ್ಲಿ ಕುರಿಮರಿಗಳು ಬೆಳೆಯುವಂತೆ ತಾವೂ ಸದ್ದಿಲ್ಲದೆ ಎಂಟು ಜಿಬಿಗೆ ಬೆಳೆಯಬೇಕಾಗಿಯೂ, ಅದಾಗದಿದ್ದರೆ ಕನಿಷ್ಠ ಏಳು ಹೆಸರನ್ನು ಬಾಯಿಪಾಠ ಮಾಡಿಕೊಳ್ಳಬೇಕಾಗಿಯೂ ವಿನಂತಿ. ನಾನೂ ಮತ್ತೆ ಕಲಿಯುತ್ತಿದ್ದೇನೆ. ತಪ್ಪಿದಾಗಲೆಲ್ಲ ನನ್ನ ರೊಟ್ಟಿಯನ್ನು ನಾನೇ ಕಿತ್ತುಕೊಳ್ಳುತ್ತೇನೆ.

ತಾವು ನಿಂತಾಗ ನಿಂತು, ನಡೆದಾಗ ನಡೆಯುವ,
ತಮ್ಮ ವಿಶ್ವಾಸಿ,
ಅಸಿಲ್ಕಾನ್, ಜಕಿಪನ ಮಗಳು

ಮರೆತ ಮಾತು: ಮದುವೆಗೆ ಬಂದು ಮೂರು ತಟ್ಟೆ ಮಾಂಸ ಮುಗಿಸಿದ ಸಪಾರ್ಕುಲ್ ಹೇಳಿದ್ದು ಹೀಗೆ: "ಎಜೆ, ಪಕ್ಕದ ಖಾಲಿ ಗೂಡಿಗೆ ಇನ್ನೊಂದು ನಾಲ್ಕು ಜಿಬಿ ಕೂರಿಸಿ, ಎಲ್ಲ ಸರಿಹೋಗುತ್ತೆ. ಆದ್ರೆ ಅದೇ ಕಂಪನಿದು, ಒಟ್ಟಿಗೇ ಹುಟ್ಟಿದ್ದೇ ಆಗ್ಬೇಕು, ಬೇರೆ ಮನೇದಾದ್ರೆ ಹೊಂದ್ಕೊಳ್ಳಲ್ಲ." ತಮ್ಮ ಕುಲದಲ್ಲಿ ಒಡಹುಟ್ಟಿದವರನ್ನೇ ಜೋಡಿ ಮಾಡುತ್ತಾರೆಂಬ ಈ ಸುದ್ದಿಯನ್ನು ನಾನು ಯಾರಿಗೂ ಹೇಳಿಲ್ಲ. ಆದರೆ ತೊಕ್ತೊಸುನ್ ಅಜ್ಜ ನಾಳೆ ಬೆಳಿಗ್ಗೆ ಪಟ ತಿದ್ದಿಸಲು ಅಂಗಡಿಗೆ ಬರುತ್ತಿದ್ದಾರೆ, ಮತ್ತು ಅವರು ಯಾರನ್ನು ಕಂಡರೂ ಮೊದಲು ಕೇಳುವುದು ಏಳು ಅಜ್ಜಂದಿರ ಹೆಸರನ್ನೇ.