ನೂರಿಪ್ಪತ್ತರ ಭಾಷಣ, ಮೂವತ್ತರ ಸಾಕ್ಷಿ

ಅಪಘಾತ ಯಾರಿಗೆ ಬೇಕಾದರೂ ಆಗುತ್ತದೆ. ಅದು ಕೋರ್ಟು ಹತ್ತಿ ಕಥೆಯಾಗಬೇಕಾದರೆ ಮಾತ್ರ ನನ್ನಂಥ ಮಹಾಪುರುಷನಿಗೇ ಆಗಬೇಕು. ಬ್ಯಾಂಕಿನವರು ನನ್ನನ್ನು ಹಾಸನದಿಂದ ವಿಶಾಖಪಟ್ಟಣಕ್ಕೆ ಎತ್ತಿಹಾಕಿದಂದಿನಿಂದ ಇಂಥವು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತಿವೆ.

೧. ಡಿಕ್ಕಿ

ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂ ಜಂಕ್ಷನ್. ನಾನು ಕಾರಿನಲ್ಲಿ ನೇರ ಹೋಗುತ್ತಿದ್ದೆ, ಪಕ್ಕದಲ್ಲಿ ಹೆಂಡತಿ. ಎದುರಿನಿಂದ ಬಂದ ಕಾರ್ಖಾನೆಯ ವ್ಯಾನು ಸಿಗ್ನಲ್ ಹಾಕದೆ ಗಕ್ಕನೆ ನಮ್ಮೆದುರಿಗೇ ತಿರುಗಿತು. ಕಣ್ಣು ಬಿಟ್ಟಾಗ ನನ್ನ ಬಲಗಾಲು ಮುರಿದಿತ್ತು. ಅವಳಿಗೆ ಒಂದು ಗೀರೂ ಇಲ್ಲ.

"ರೀ, ಇಷ್ಟು ನಿಧಾನ ಬಂದೂ ಗುದ್ದಿಸ್ಕೊಂಡ್ರಲ್ಲ!" ಎಂದಳು.

ಮೂಳೆ ಮುರಿದದ್ದಕ್ಕಿಂತ ಅದೇ ಹೆಚ್ಚು ನೋಯಿತು.

೨. ಭಾಷಣ

ಪರಿಹಾರದ ಕೇಸು ಹಾಕಿ ಕಾಯುತ್ತಿದ್ದಾಗ ಕನ್ನಡ ಸಂಘದ ರಾಜ್ಯೋತ್ಸವ ಬಂತು. ಅಪಘಾತದ ಕಥೆ ಹೇಳಲು ಊರುಗೋಲಿನೊಂದಿಗೆ ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲಿ ನಮ್ಮ ನೌಕಾಪಡೆಯ ಹುಡುಗರು, ಸಮುದ್ರವನ್ನೇ ಸೀಳಿದವರು. ಅವರೆದುರು ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಬರುತ್ತಿದ್ದೆ ಅನ್ನಲೇ?

"ಒನ್ ಟ್ವೆಂಟಿಯಲ್ಲಿ ಬರ್ತಾ ಇದ್ದೆ! ಒನ್ ಟ್ವೆಂಟಿ!"

ಚಪ್ಪಾಳೆಯೋ ಚಪ್ಪಾಳೆ. ನನ್ನ ಹೆಂಡತಿ ಮಾತ್ರ ಸಭೆಯುದ್ದಕ್ಕೂ ಫ್ಯಾನು ನೋಡುತ್ತ ಕೂತಿದ್ದಳು.

೩. ವಿಡಿಯೊ

ಅಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ವಿಚಾರಣೆಗೆಂದು ಕುಂಟುತ್ತ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಬಂದೆ. ಪ್ರಶ್ನೆ ಒಂದೇ: ತಪ್ಪು ಯಾರದು? ಅತಿವೇಗದಿಂದ ಬಂದು ಗುದ್ದಿದ್ದು ನಾನೇ ಎಂದು ವ್ಯಾನಿನವರ ವಾದ. ಜಡ್ಜ್ ಸಾಹೇಬರು ಅದನ್ನು ಒಪ್ಪಿದರೆ ಪರಿಹಾರವೂ ಇಲ್ಲ, ಕಾಲಿನ ಎರಡನೇ ಆಪರೇಷನ್ನೂ ಇಲ್ಲ.

ಎದುರು ವಕೀಲರು ನಗುನಗುತ್ತ ಮೊಬೈಲು ತೆಗೆದರು. ಸಂಘದವರು ಅಭಿಮಾನದಿಂದ ಊರಿಗೆಲ್ಲ ಹಂಚಿದ್ದ ನನ್ನದೇ ಭಾಷಣ! ಸದ್ಯ, ಇಲ್ಲಿ ಯಾರಿಗೂ ಕನ್ನಡ ಬಾರದು ಎಂದು ಧೈರ್ಯ ತಂದುಕೊಂಡೆ.

"ಒನ್ ಟ್ವೆಂಟಿ!" ಎಂದು ಗುಡುಗಿತು ಮೊಬೈಲು.

ನಮ್ಮ ವಕೀಲರ ಕೈಯಿಂದ ಪೆನ್ನು ಬಿತ್ತು. ಕನ್ನಡ ಸಂಘದಲ್ಲಾದರೂ ಅಂಕಿಯನ್ನು ಕನ್ನಡದಲ್ಲಿ ಹೇಳಬಾರದಿತ್ತೇ ನಾನು!

೪. ಸಾಕ್ಷಿ

ಕೊನೆಯ ಆಸೆಯಾಗಿ ಹೆಂಡತಿ ಕಟಕಟೆ ಹತ್ತಿದಳು. ಮೂವತ್ತರಲ್ಲಿ ಬರುತ್ತಿದ್ದೆವು ಎಂದಳು.

ಎದುರು ವಕೀಲರು ಬಿಡಲಿಲ್ಲ. "ಮೇಡಂ ಗಾರು, ಗಂಡನನ್ನು ಉಳಿಸೋದಕ್ಕೆ ಹೇಳ್ತಿದ್ದೀರಿ ಅಷ್ಟೆ."

 

"ಉಳಿಸೋದಕ್ಕಾ?" ತರಕಾರಿಯವಳ ಹತ್ತಿರ ಕಲಿತ ತೆಲುಗಿನಲ್ಲಿ ಶುರುವಾದಳು. "ಸೀಮಂತಕ್ಕೆ ಹೊರಟರೆ ನಾಮಕರಣಕ್ಕೆ ಮುಟ್ಟಿಸೋರು ಸ್ವಾಮಿ ಇವರು! ಸಿಂಹಾಚಲಂ ಬೆಟ್ಟಕ್ಕೆ ನಾವು ಕಾರಲ್ಲಿ ಹೋದ್ವಿ, ನಮ್ಮತ್ತೆ ಹರಕೆ ಅಂತ ಮೆಟ್ಟಿಲು ಹತ್ತಿದ್ರು. ನಾವು ಮುಟ್ಟೋ ಹೊತ್ತಿಗೆ ಅವರು ಪ್ರಸಾದ ತಿಂದು ಕೈ ತೊಳೀತಿದ್ರು. ಆ ವ್ಯಾನಿನವನು ಸಿಗ್ನಲ್ ಹಾಕಿದ್ದಿದ್ರೆ ಇವರು ಅಲ್ಲೇ ನಿಂತುಬಿಡ್ತಿದ್ರು, ಅವನು ತಿರುಗಿ ಮನೆಗೆ ಹೋಗಿ ಊಟ ಮಾಡಿದ ಮೇಲೆ ನಾವು ಜಂಕ್ಷನ್ ದಾಟ್ತಿದ್ವಿ!"

ಜಡ್ಜ್ ಸಾಹೇಬರು ಬಾಯಿಗೆ ಕರವಸ್ತ್ರ ಹಿಡಿದು ನನ್ನತ್ತ ತಿರುಗಿದರು. "ವಿಡಿಯೊ ನಿಜವೋ, ಹೆಂಡತಿ ನಿಜವೋ?"

ಒಂದು ಕಡೆ ನನ್ನ ಮಾನ, ಇನ್ನೊಂದು ಕಡೆ ನನ್ನ ಕಾಲು. ಎರಡರಲ್ಲಿ ನೋಯುತ್ತಿದ್ದದ್ದು ಕಾಲು.

"ಹೆಂಡತಿಯೇ ನಿಜ, ಸ್ವಾಮಿ."

ತಪ್ಪೆಲ್ಲ ವ್ಯಾನಿನದೇ ಎಂದು ತೀರ್ಪಾಯಿತು. ನನ್ನ ನಿಧಾನವನ್ನೂ ಅದರಲ್ಲಿ ಬರೆದಿದ್ದಾರೆ.

ಈಗ ವಿಜಯವಾಡದ ಕನ್ನಡ ಸಂಘದಲ್ಲಿ ಮತ್ತೆ ಮೈಕು ಹಿಡಿಯುತ್ತೇನೆ. "ವೇಗವಾಗಿ ಯಾರು ಬೇಕಾದರೂ ಓಡಿಸಬಹುದು ಸ್ವಾಮಿ. ನಿಧಾನವಾಗಿ ಓಡಿಸುತ್ತಾನೆಂದು ನ್ಯಾಯಾಲಯದಿಂದಲೇ ಬರೆಸಿಕೊಂಡವನು ಇಡೀ ಆಂಧ್ರದಲ್ಲಿ ನಾನೊಬ್ಬನೇ!"