ಎಂಟನೇ ಹಾಡಿಗೆ ಕಪ್ಪು-ಸಾಸರ್

ಹೆದರಿಕೆಯ ವಿಷಯದಲ್ಲಿ ನಾನು ಅನುಭವಸ್ಥ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಮೇಲಿನವರಿಗೆ ಹೆದರಿದೆ. ನಿವೃತ್ತನಾಗಿ ಬೆಳಗೋಡಿನ ಕಡೆ ಬಂದು ನೆಲೆಸಿದ ಮೇಲೆ ಆನೆಗೆ ಹೆದರುತ್ತಿದ್ದೇನೆ. ಆನೆಯ ಹೆದರಿಕೆ ಒಂದು ರೀತಿಯಲ್ಲಿ ಸಲೀಸು. ಊರಿಗೆ ಊರೇ ಜೊತೆಗೆ ಹೆದರುತ್ತದೆ, ಆನೆ ಇಂದು ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶವೂ ಬರುತ್ತದೆ. ಆದರೆ ನನ್ನೊಬ್ಬನಿಗೇ ಮೀಸಲಾದ ಇನ್ನೊಂದು ಹೆದರಿಕೆಯಿದೆ. ಅದು ನನ್ನ ಗೆಳೆಯ ಗ್ರೆಗರಿ ಹಾಡು ಮುಗಿಸಿ, ಗಿಟಾರನ್ನು ಗೋಡೆಗೆ ಒರಗಿಸಿ, "ಹೆಂಗಿತ್ತೋ ಪುಟ್ಸಾಮಿ?" ಎಂದು ಕೇಳುವ ಗಳಿಗೆ. ಅದಕ್ಕೆ ಮುಂಚೆ ಯಾವ ಸಂದೇಶವೂ ಬರುವುದಿಲ್ಲ.

ಗ್ರೆಗರಿಯ ತಂದೆ ಮಂಗಳೂರಿನ ಕಡೆಯಿಂದ ಇಲ್ಲಿಯ ಎಸ್ಟೇಟೊಂದಕ್ಕೆ ಲೆಕ್ಕ ಬರೆಯುವ ರೈಟರ್ ಆಗಿ ಬಂದವರು. ಮಗ ತಾನೇ ಬರೆದು, ತಾನೇ ರಾಗ ಹಾಕಿ, ಕನ್ನಡದಲ್ಲಿ ಪಾಪ್ ಹಾಡಲು ಹೊರಟ. ಕ್ಯಾಸೆಟ್ಟಿನ ಕಾಲದಲ್ಲಿ ಹಾಸನದಿಂದ ಘಾಟಿ ಇಳಿಯುವ ಬಸ್ಸು ಹತ್ತಿದರೆ ಅವನದೇ ದನಿ. ಆಗ ನಾನು ಅವನ ತಂಡದಲ್ಲಿ ಬಾಂಗೋ ಬಾರಿಸುತ್ತಿದ್ದೆ. ಜನರನ್ನು ಕಂಡರೆ ನನ್ನ ಕೈ ನಡುಗಿ ತಾಳ ತಪ್ಪುತ್ತಿತ್ತು. ಎರಡು ವರ್ಷ ಸಹಿಸಿಕೊಂಡು, ನನ್ನನ್ನು ವೇದಿಕೆಯಿಂದ ಇಳಿಸಿ, ಎದುರಿಗೆ ಕೂತು ಕೈಸನ್ನೆ ಮಾಡುವ ಕೆಲಸ ಕೊಟ್ಟ. ಅಂಗೈ ಮೇಲಾದರೆ ಜೋರಾಗಿ ಹಾಡು, ಕೆಳಗಾದರೆ ಮೆಲ್ಲಗೆ. ನಲವತ್ತು ವರ್ಷದ ನನ್ನ ಸಂಗೀತ ಸೇವೆ ಇಷ್ಟೇ.

ಈಗ ಅವನಿಗೆ ಅರವತ್ತೊಂಬತ್ತು. ಬಹಳ ವರ್ಷ ಸುಮ್ಮನಿದ್ದವನು ಮತ್ತೆ ಎಂಟು ಹಾಡುಗಳ ಆಲ್ಬಂಗೆ ಕೈ ಹಾಕಿದ. ಸ್ಟುಡಿಯೋ ಎಂದರೆ ಅವನ ಮನೆಯಿಂದ ಇಳಿಜಾರಿನಲ್ಲಿ ಕೆಳಗಿರುವ, ಕಾಫಿ ಚೀಲ ತುಂಬಿಡುವ ಸ್ಟೋರ್. ಸುತ್ತ ಚೀಲ ಒಟ್ಟಿದರೆ ದನಿ ಪ್ರತಿಧ್ವನಿಸುವುದಿಲ್ಲ. ಲ್ಯಾಪ್‌ಟಾಪಿನ ಗುಂಡಿ ಒತ್ತುವುದು ನಾನು. ಏಳು ಹಾಡು ಮುಗಿದವು, ಎಂಟನೆಯದು ಸಿಕ್ಕಿಹಾಕಿಕೊಂಡಿತು. ಅದು ಹೆಂಡತಿ ಸೆವ್ರಿನ್‌ಗಾಗಿ ಅವನು ಬರೆದ ಮೊದಲ ಹಾಡು. ಅದನ್ನು ಹಳೆಯ ಕಾಲದ ಗತ್ತಿನಲ್ಲಿ ಕಿರುಚುತ್ತಿದ್ದ, ದನಿ ಒಡೆಯುತ್ತಿತ್ತು. ಮರುವಾರ ಗಂಟಲಿಗೆ ಆಪರೇಷನ್. ಆಮೇಲೆ ಹಾಡುವ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಸೆವ್ರಿನ್ ನನ್ನನ್ನು ಹಿತ್ತಲಿಗೆ ಕರೆದು, "ಪುಟ್ಟಸ್ವಾಮಣ್ಣ, ನನಗೆ ಹೇಳೋ ಮಾತನ್ನ ಆ ದೂರದ ಆನೇಮಹಲ್‌ಗೆ ಕೇಳೋ ಹಂಗೆ ಯಾಕೆ ಕೂಗ್ತಾರೆ? ನೀವಾದ್ರೂ ಹೇಳಿ" ಎಂದಿದ್ದರು. ಹೇಳುತ್ತೇನೆಂದು ಹೋಗಿ, ಪ್ರತಿ ಸಲವೂ, "ಚೆನ್ನಾಗೈತೆ ಕಣೋ, ಇನ್ನೊಂದ್ಸಲ ತಗಳಣ" ಎಂದು ಬಂದಿದ್ದೆ.

ಆ ದಿನದ್ದನ್ನು ಕಂಡಷ್ಟೇ ಹೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ರೆಕಾರ್ಡಿಂಗಿನ ಮಧ್ಯೆ ಸದ್ದಾಗಬಾರದೆಂದು ಇಬ್ಬರ ಮೊಬೈಲನ್ನೂ ಆಫ್ ಮಾಡಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು ನಾನೇ ಮಾಡಿದ ನಿಯಮ. ಆನೆಯ ಸುದ್ದಿ ಬರುವ ಒಂದೇ ದಾರಿಗೆ ನಾನೇ ಮುಚ್ಚಳ ಹಾಕಿದ್ದೆ. ಗ್ರೆಗರಿ ಕಿಟಕಿಗೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ, ನನ್ನ ಕೈಯನ್ನೇ ನೋಡುತ್ತ ಪಲ್ಲವಿ ಶುರುಮಾಡಿದ. ನನ್ನ ಎಡಗೈಯಲ್ಲಿ ಸೆವ್ರಿನ್ ತಂದುಕೊಟ್ಟು ಹೋಗಿದ್ದ ಕಾಫಿಯ ಕಪ್ಪು-ಸಾಸರ್. ಕಿಟಕಿಯಲ್ಲಿ ಕಾಫಿ ಒಣಹಾಕಿದ ಕಣದ ಬಿಸಿಲು ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಸರಳಿನಾಚೆ ಬೂದು ಬಣ್ಣದ ಗೋಡೆಯೊಂದು ನಿಂತಿತ್ತು. ಗೋಡೆ ಉಸಿರಾಡುತ್ತಿತ್ತು.

ನನ್ನಿಂದ ಅಲ್ಲಿಗೆ ಎಂಟು ಅಡಿ. ಬಾಗಿಲು ತಗಡಿನದು, ಅದೂ ಕಣದ ಕಡೆಗೇ. ಕೂಗಿದರೆ ಆನೆ ಬೆದರುತ್ತದೆ, ಓಡಲು ಬೇರೆ ದಾರಿಯಿಲ್ಲ, ಗ್ರೆಗರಿ ಕಿರುಚುವ ಸಾಲು ಹತ್ತಿರ ಬರುತ್ತಿದೆ. ಬಲಗೈ ಎತ್ತಿ ಅಂಗೈ ಕೆಳಗೆ ಮಾಡಿದೆ. ಅವನು ಹುಬ್ಬೇರಿಸಿದರೂ ದನಿ ಇಳಿಸಿದ. ಇನ್ನೂ ಕೆಳಗೆ ಮಾಡಿದೆ, ಇನ್ನೂ ಇಳಿಸಿದ. ಸೊಂಡಿಲ ತುದಿ ಸರಳಿನ ನಡುವೆ ಬಂದು, ಚೀಲವನ್ನು ಮೂಸಿ, ಹಿಂದೆ ಹೋಯಿತು. ನನ್ನ ಅಂಗೈ ಮೊಣಕಾಲಿನವರೆಗೆ ಇಳಿದಿತ್ತು. ಸಾಸರಿನ ಮೇಲೆ ಕಪ್ಪು ಕಟಕಟ ಎನ್ನುತ್ತಿತ್ತು. ಕೆಳಗಿಡಲು ಧೈರ್ಯವಿಲ್ಲ, ಹಿಡಿದಿರಲು ಶಕ್ತಿಯಿಲ್ಲ. ಗ್ರೆಗರಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹಾಡುತ್ತಿದ್ದ. ದನಿ ಒಡೆಯಲಿಲ್ಲ.

ಹಾಡು ಮುಗಿಯಿತು. ಕಿಟಕಿಯಲ್ಲಿ ಬಿಸಿಲಿತ್ತು.

"ಹೆಂಗಿತ್ತೋ?" ಎಂದ. ನಾನು ಕಿಟಕಿ ತೋರಿಸಿದೆ. ಅವನು ಎದ್ದುಹೋಗಿ ನೋಡಿದ. ಹರವಿದ್ದ ಕಾಫಿಯ ಮೇಲೆ ಮೊರದಗಲದ ಹೆಜ್ಜೆಗಳು. ಅಲ್ಲೇ ಚೀಲದ ಮೇಲೆ ಕೂತು ಕೇಳಿದ: "ಪೂರ್ತಿ ಕೇಳ್ತೇನೋ, ಮಧ್ಯದಲ್ಲೇ ಎದ್ದು ಹೋಗ್ಬುಡ್ತೋ?"

"ಗೊತ್ತಿಲ್ಲ."

"ಅಲ್ಲ ಮಾರಾಯ, ಆಫೀಸಿಗೆ ಬೆಕ್ಕು ಬಂದ್ರೂ ಟೈಮ್ ಬರ್ಕಳೋನು ನೀನು. ಎದುರಿಗಿದ್ದ ಆನೆ ಯಾವಾಗ ಹೋಯ್ತು ಗೊತ್ತಿಲ್ವಾ?"

"ನಿನ್ ಹಾಡು ಕೇಳ್ತಿದ್ದೆ ಕಣೋ."

"ಬುಡು ಬುಡು, ಸುಳ್ಳು ಹೇಳ್ಬೇಡ."

ನಲವತ್ತು ವರ್ಷ 'ಚೆನ್ನಾಗೈತೆ' ಎಂದದ್ದನ್ನೆಲ್ಲ ನಂಬಿದವನು, ಒಮ್ಮೆ ನಿಜ ಹೇಳಿದರೆ ನಂಬಲಿಲ್ಲ. ಅಷ್ಟರಲ್ಲಿ ಸೆವ್ರಿನ್ ಓಡುತ್ತ ಬಂದರು. ಮನೆಯಿಂದ ಆನೆ ಕಂಡು ಹನ್ನೊಂದು ಸಲ ಫೋನ್ ಮಾಡಿದ್ದರಂತೆ. "ಇಬ್ರಿಗೂ ತಲೆ ಕೆಟ್ಟಿದೆಯಾ? ಡಬ್ಬದೊಳಗೆ ಫೋನ್ ಇಟ್ಟು ಆನೆಗೆ ಕಚೇರಿ ಕೊಡ್ತಿದ್ರಾ?" ಎಂದು ಬೈದು, ಅತ್ತು, ಕಣ್ಣೊರೆಸಿಕೊಂಡು, "ಹಾಕಿ, ಕೇಳುವಾ" ಎಂದರು.

ಹಾಕಿದೆ. ಗ್ರೆಗರಿಯ ದನಿಯ ಕೆಳಗೆ ಕಟಕಟ ಕಟಕಟ ಎಂಬ ತಾಳ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡನೇ ಚರಣಕ್ಕೆ ಬಂದಾಗ ಅದು ನಿಧಾನವಾಗಿ, ನಿಂತೇಹೋಯಿತು. "ಹಾ, ಇಲ್ಲಿ ಆನೆ ಹೋಗೈತೆ ನೋಡು!" ಎಂದ ಗ್ರೆಗರಿ. ಸೆವ್ರಿನ್ ಕೈ ಎತ್ತಿ ಸುಮ್ಮನಿರಿಸಿದರು. "ಇಲ್ಲ, ಸರಿಯಾಗಿ ಕೇಳಿ. ಇನ್ನೂ ಉಸಿರಾಡ್ತಾ ಇದೆ." ಹೌದು, ಹಾಡಿನ ಹಿಂದೆ ದೊಡ್ಡದೊಂದು ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಆನೆ ಅಲ್ಲೇ ಇತ್ತು, ನಡುಕ ಇರಲಿಲ್ಲ. ಗ್ರೆಗರಿ ನನ್ನನ್ನೊಮ್ಮೆ ನೋಡಿ ಕಣದ ಕಡೆ ತಿರುಗಿದ.

ಆಪರೇಷನ್ ಆಯಿತು. ಎತ್ತರದ ದನಿ ಹೋಯಿತು, ಆ ಮೆಲ್ಲನೆಯದೊಂದು ಉಳಿದಿದೆ. ಮುಂದಿನ ತಿಂಗಳು ಸಕಲೇಶಪುರದಲ್ಲಿ ಆಲ್ಬಂ ಬಿಡುಗಡೆ. ಎಂಟನೇ ಹಾಡೊಂದನ್ನೇ ಹಾಡುತ್ತಾನಂತೆ, ನಾನು ಪಕ್ಕದಲ್ಲಿ ಕಪ್ಪು-ಸಾಸರ್ ಹಿಡಿದು ಕೂರಬೇಕಂತೆ. ಆಗುವುದಿಲ್ಲವೆಂದರೆ, "ನಡುಗೋದನ್ನ ನಿನಗೆ ಹೇಳ್ಕೊಡ್ಬೇಕಾ?" ಎನ್ನುತ್ತಾನೆ. ಬೇಡ. ಜನರನ್ನು ಕಂಡ ಕೂಡಲೇ ನಡುಕ ತಾನಾಗಿ ಬರುತ್ತದೆ. ಆದರೆ ಎರಡನೇ ಚರಣದಲ್ಲಿ ಅದು ನಿಲ್ಲಬೇಕಲ್ಲ, ನನಗೀಗ ಅದರದೇ ಹೆದರಿಕೆ.